ತಗಡಿಗೆ ಪರಿಹಾರವುಂಟು, ಹೆಂಡತಿಯ ಕಾಲಿಗಿಲ್ಲ!



ಡೊಂಬಿವಲಿಯಲ್ಲಿ ನಮ್ಮ ಸಂಗಡಿಗರೊಬ್ಬರಿದ್ದಾರೆ. ಹೆಸರು ಬೇಡ, ಒಬ್ಬರ ಮನೆಯ ದುಃಖವನ್ನು ಚಾಳಿನ ಕಟ್ಟೆಯ ಮಾತಾಗಿಸುವುದು ನಮ್ಮ ಉದ್ದೇಶವಲ್ಲ. ಊರು ಬಿಟ್ಟು ಬಂದು ಕಪ್ಪುಬಸಿ ತೊಳೆದರು, ಮಾಣಿಯಾದರು, ಈಗ ದೋಸೆಕಲ್ಲಿನ ಮುಂದೆ ನಿಂತಿದ್ದಾರೆ. ಅವರೊಬ್ಬರ ಪಗಾರದಿಂದ ಸಂಸಾರ ಸಾಗದು. ಅವರ ಹೆಂಡತಿ ನಸುಕಿನಲ್ಲೇ ಎದ್ದು, ಸ್ಕೂಟರ್ ಹತ್ತಿ, ಮೂರು ಮನೆಗಳಲ್ಲಿ ಅಡಿಗೆ ಮಾಡಿ ಬರುತ್ತಿದ್ದರು. ಸ್ಕೂಟರಿನ ಸಾಲದ ಹಪ್ತೆ ಕಟ್ಟುತ್ತಿದ್ದುದು ಆ ತಾಯಿಯ ದುಡಿಮೆಯಿಂದಲೇ. ಲೈಸೆನ್ಸೂ ಇತ್ತು. ಇಲ್ಲದಿದ್ದುದು ಒಂದೇ: ಗಾಡಿಯ ಕಾಗದಪತ್ರಗಳಲ್ಲಿ ಎಲ್ಲಿಯೂ ಆಕೆಯ ಹೆಸರಿರಲಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಗಾಡಿ ಜಾರಿತು. ಎದುರಿನಿಂದ ಯಾರೂ ಬಂದು ಗುದ್ದಲಿಲ್ಲ. ರಸ್ತೆಯ ಬದಿಯ ಕಟ್ಟೆಗೆ ಬಡಿಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ನಾವು ಮೂವರು ಆ ಸಂಗಡಿಗರ ಜೊತೆಗೆ ವಿಮಾ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ಕೆಟ್ಟವರಲ್ಲ. ಕೂರಿಸಿ, ನೀರು ಕೊಟ್ಟು, ಕಾಗದ ನೋಡಿದರು.

“ಗಾಡಿ ಯಾರ ಹೆಸರಿನಲ್ಲಿದೆ?”

“ನನ್ನ ಹೆಸರಿನಲ್ಲಿ, ಸಾಹೇಬರೆ.”

“ನಡೆಸುತ್ತಿದ್ದವರು?”

“ನನ್ನ ಹೆಂಡತಿ.”

“ಹಾಗಾದರೆ ಗಾಡಿಯ ದುರಸ್ತಿಗೆ ಹಣ ಬರುತ್ತದೆ. ಅವರ ಕಾಲಿಗೆ ಬರುವುದಿಲ್ಲ.”

ಬಂಧುಗಳೇ, ಇನ್ನೊಮ್ಮೆ ಓದಿರಿ. ಬಗ್ಗಿದ ತಗಡಿಗೆ ಹಣ ಬಂತು. ಒಡೆದ ದೀಪಕ್ಕೆ ಬಂತು. ಆ ಹೊತ್ತಿನಲ್ಲಿ ದಾರಿಹೋಕನೊಬ್ಬನಿಗೆ ಗಾಡಿ ತಗಲಿದ್ದರೆ ಅವನಿಗೂ ಬರುತ್ತಿತ್ತು. ಆ ಗಾಡಿಯ ಹಪ್ತೆ ಕಟ್ಟಿದ, ಆ ಗಾಡಿಯ ಮೇಲೆಯೇ ಕಾಲು ಕಳೆದುಕೊಂಡ ಹೆಣ್ಣುಮಗಳಿಗೆ ಮಾತ್ರ ಒಂದು ಕಾಸೂ ಬರಲಿಲ್ಲ! ಇದೆಂಥ ನ್ಯಾಯ?

ಗುಮಾಸ್ತರು ಸುಳ್ಳು ಹೇಳಲಿಲ್ಲ. ಕಾಗದದಲ್ಲಿ ಬರೆದಿದ್ದನ್ನೇ ಹೇಳಿದರು. ಆದ್ದರಿಂದ ಜಗಳ ಆ ಮನುಷ್ಯನೊಂದಿಗಲ್ಲ, ಆ ಕಾಗದದೊಂದಿಗೆ. ಜಗಳ ಹೂಡುವ ಮೊದಲು ಕಾಗದವನ್ನು ತಿಳಿಯಬೇಕು. ಅದನ್ನು ಅಚ್ಚು ಮಾಡಿದವರು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಮಾಡಿದ್ದಾರೆ. ಮಿಡ್ಲ್‌ಸ್ಕೂಲಿನವರೆಗೆ ಓದಿದ ನಾವು ಬಲ್ಲವರನ್ನು ಕೇಳಿ, ಸಾಲುಸಾಲಾಗಿ ಬಿಡಿಸಿ ನೋಡಿದೆವು. ತಿಳಿದುದನ್ನು ಇಲ್ಲಿ ಹೇಳುತ್ತೇವೆ.

ಗಾಡಿಯ ವಿಮೆ ಎಂದರೆ ಒಂದು ಅಂಗಿಗೆ ಮೂರು ಜೇಬು ಇದ್ದಂತೆ.

ಮೊದಲನೆಯ ಜೇಬು ಹೊರಗಿನವರದು. ನಮ್ಮ ಗಾಡಿಯಿಂದ ಬೇರೆಯವರಿಗೆ ಸಾವು, ಗಾಯ, ನಷ್ಟವಾದರೆ ಅದರಿಂದ ಹಣ ಹೋಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನ ಪ್ರಕಾರ ಈ ವಿಮೆಯಿಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಎರಡನೆಯದು ಗಾಡಿಯದು. ಗಾಡಿ ಮುರಿದರೆ, ಕಳವಾದರೆ, ಸುಟ್ಟರೆ ಕೊಡುವ ಹಣ ಅದರಲ್ಲಿದೆ. ಇದು ಕಡ್ಡಾಯವಲ್ಲ, ಆದರೂ ಸಾಲ ಕೊಟ್ಟವರು ತಮ್ಮ ಸೊತ್ತಿನ ರಕ್ಷಣೆಗಾಗಿ ಒತ್ತಾಯ ಮಾಡಿ ಮಾಡಿಸುತ್ತಾರೆ. ಮೂರನೆಯದು ಗಾಡಿ ನಡೆಸುವ ಮಾಲಕನ ಜೀವಕ್ಕೆ ಮತ್ತು ಅಂಗಾಂಗಗಳಿಗೆ ಇರುವ ಅಪಘಾತ ವಿಮೆ.

ಮೊದಲ ಎರಡು ಜೇಬುಗಳು ಧಾರಾಳ. ಗಾಡಿ ನಡೆಸುತ್ತಿದ್ದವರು ಯಾರು ಎಂದು ಅವು ಹೆಚ್ಚು ಕೇಳುವುದಿಲ್ಲ. ಮಾಲಕನ ಒಪ್ಪಿಗೆಯಿದ್ದು, ಸರಿಯಾದ ಲೈಸೆನ್ಸಿದ್ದರೆ ಹೆಂಡತಿಯೂ ಸರಿ, ತಮ್ಮನೂ ಸರಿ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಕಾರಿನ ವಿಮೆ ಚಾಲಕರ ಹೆಸರು ಹಿಡಿದು ನಡೆಯುತ್ತದೆ. ಗಂಡನ ಪಾಲಿಸಿಯಲ್ಲಿ ಹೆಂಡತಿಯ ಹೆಸರನ್ನು ಚಾಲಕಿಯೆಂದು ಸೇರಿಸಿಲ್ಲದಿದ್ದರೆ, ಬೇರೆ ವಿಮೆಯಿಲ್ಲದೆ ಆಕೆ ಆ ಕಾರನ್ನು ಮುಟ್ಟುವಂತಿಲ್ಲ. ನಮ್ಮಲ್ಲಿ ಆ ಕಟ್ಟಳೆಯಿಲ್ಲ. ಇದನ್ನೇ ಹಿಡಿದುಕೊಂಡು ನಮ್ಮ ಏಜೆಂಟರು, “ಯಾರು ಬೇಕಾದರೂ ನಡೆಸಬಹುದು, ಎಲ್ಲಾ ಕವರ್ ಆಗಿದೆ” ಎಂದು ಹೇಳಿ ಹಣ ಎಣಿಸಿಕೊಂಡು ಹೋಗುತ್ತಾರೆ.

ಎಲ್ಲಾ ಆಗಿಲ್ಲ! ಮೂರನೆಯ ಜೇಬಿನ ಬಾಯಿಯನ್ನು ಹೊಲಿದಿದ್ದಾರೆ. ಅದು ತೆರೆಯುವುದು ಒಬ್ಬನಿಗೆ ಮಾತ್ರ. ಅವನು ಆರ್.ಸಿ. ಪುಸ್ತಕದ ಮಾಲಕನಾಗಿರಬೇಕು, ಪಾಲಿಸಿಯಲ್ಲಿ ಅವನದೇ ಹೆಸರಿರಬೇಕು, ಅಪಘಾತದ ಹೊತ್ತಿನಲ್ಲಿ ಅವನ ಲೈಸೆನ್ಸು ಊರ್ಜಿತವಾಗಿರಬೇಕು. ಈ ಮೂರೂ ಕೂಡಿದರೆ 15 ಲಕ್ಷ ರೂಪಾಯಿ. ಸಾವಿಗೆ ಪೂರ್ತಿ, ಎರಡು ಕೈ, ಎರಡು ಕಾಲು ಅಥವಾ ಎರಡು ಕಣ್ಣು ಹೋದರೆ ಪೂರ್ತಿ, ಒಂದು ಕಾಲು ಹೋದರೆ ಅರ್ಧ. ಮುಂಚೆ ಇದು ದ್ವಿಚಕ್ರಕ್ಕೆ 1 ಲಕ್ಷ, ಕಾರಿಗೆ 2 ಲಕ್ಷ ಮಾತ್ರವಿತ್ತು. ಮದರಾಸು ಹೈಕೋರ್ಟಿನ 2017ರ ತೀರ್ಪಿನ ನಂತರ, 2018ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಇದನ್ನು 15 ಲಕ್ಷಕ್ಕೆ ಏರಿಸಿತು.

ಲೆಕ್ಕ ಹಾಕಿರಿ. ಆರ್.ಸಿ. ಪುಸ್ತಕವೂ ಪಾಲಿಸಿಯೂ ಆ ತಾಯಿಯ ಹೆಸರಿನಲ್ಲಿದ್ದಿದ್ದರೆ ಆಕೆಯ ಕೈಗೆ ಏಳೂವರೆ ಲಕ್ಷ ರೂಪಾಯಿ ಬರುತ್ತಿತ್ತು. ಅದೇ ಗಾಡಿ, ಅದೇ ರಸ್ತೆ, ಅದೇ ಕಾಲು. ವ್ಯತ್ಯಾಸ ಒಂದು ಹೆಸರಿನದು!

ಇನ್ನೂ ಒಂದು ಮಾತು. ಆ ಸ್ಕೂಟರಿನ ಆರ್.ಸಿ. ಪುಸ್ತಕದಲ್ಲಿ ಸಾಲ ಕೊಟ್ಟ ಕಂಪನಿಯ ಹೆಸರಿತ್ತು. ವಿಮೆಯ ಕಾಗದದಲ್ಲೂ ಅದೇ ಕಂಪನಿಯ ಹೆಸರಿತ್ತು. ಗಾಡಿಯನ್ನು ಒಂದು ದಿನವೂ ನಡೆಸದವರು ತಮ್ಮ ಹೆಸರನ್ನು ಎರಡು ಕಡೆ ಬರೆಸಿಕೊಂಡಿದ್ದರು. ದಿನವೂ ನಡೆಸುತ್ತಿದ್ದವಳ ಹೆಸರನ್ನು ಬರೆಸಲು ಯಾರಿಗೂ ತೋಚಲಿಲ್ಲ. ಬಂಡವಾಳಗಾರನಿಗೆ ಕಾಗದದ ಬೆಲೆ ಗೊತ್ತು. ನಮಗೆ ಗೊತ್ತಾಗುವುದು ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ!

ಇದು ಹೆಂಗಸರಿಗೆ ಮಾತ್ರ ಬಂದ ಕಷ್ಟ ಎಂದು ಗಂಡಸರು ನಿಟ್ಟುಸಿರು ಬಿಡುವುದು ಬೇಡ. ಅದೃಷ್ಟಕ್ಕೆಂದೋ ಸಾಲ ಸುಲಭವಾಗಿ ಸಿಕ್ಕಿತೆಂದೋ ಎಷ್ಟೋ ಮಂದಿ ಗಾಡಿಯನ್ನು ಹೆಂಡತಿಯ ಹೆಸರಿನಲ್ಲಿ ಕೊಳ್ಳುತ್ತಾರೆ. ಆಕೆಗೆ ಲೈಸೆನ್ಸಿಲ್ಲ, ನಡೆಸುವವನು ಗಂಡ. ಆಗ ಮಾಲಕಿಗೆ ಈ ಅಪಘಾತ ವಿಮೆ ದಕ್ಕದು, ಏಕೆಂದರೆ ಲೈಸೆನ್ಸಿಲ್ಲ. ಗಂಡನಿಗೂ ದಕ್ಕದು, ಏಕೆಂದರೆ ಅವನು ಮಾಲಕನಲ್ಲ. ರಾತ್ರಿಪಾಳಿ ಮುಗಿಸಿ ತೂಕಡಿಸುತ್ತ ಮನೆಗೆ ಬರುವ ನಮ್ಮ ಹುಡುಗರು ಹೀಗೆ ಎಷ್ಟು ಮಂದಿ ಬರಿಗೈಯಲ್ಲಿ ಗಾಡಿ ನಡೆಸುತ್ತಿದ್ದಾರೆ?

ಕಾನೂನಿನ ಕಣ್ಣಿಗೆ ಇದು ಹೇಗೆ ಕಾಣುತ್ತದೆಂಬುದಕ್ಕೆ ನಮ್ಮ ನಾಡಿನದೇ ಒಂದು ಮೊಕದ್ದಮೆಯಿದೆ. ಬೇರೊಬ್ಬರ ಮೋಟಾರು ಸೈಕಲನ್ನು ಕೇಳಿ ಪಡೆದು, ಇಳಕಲ್ಲಿನಿಂದ ತನ್ನೂರಾದ ಗೂಡೂರಿಗೆ ಹೊರಟಿದ್ದವನೊಬ್ಬ, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಬಡಿದು ಸತ್ತ. ಅವನ ಹೆಂಡತಿ ಪರಿಹಾರ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. 2009ರಲ್ಲಿ ನ್ಯಾಯಾಲಯ ಹೇಳಿದ್ದೇನು? ಗಾಡಿಯನ್ನು ಎರವಲು ಪಡೆದವನು ಮಾಲಕನ ಸ್ಥಾನದಲ್ಲೇ ನಿಲ್ಲುತ್ತಾನೆ. ಮಾಲಕ ತನ್ನ ಗಾಡಿಯ ವಿಮೆಯಿಂದ ಹೊರಗಿನವನಂತೆ ಪರಿಹಾರ ಕೇಳುವಂತಿಲ್ಲ. ಆದ್ದರಿಂದ ಆಗಿದ್ದ 163ಎ ಕಲಮಿನಡಿ ಅವನ ಮನೆಯವರ ಅರ್ಜಿ ನಿಲ್ಲದು. ಬೇರೆ ಕಲಮಿನಡಿ ನೋಡಿರೆಂದು ಮೊಕದ್ದಮೆಯನ್ನು ಹೈಕೋರ್ಟಿಗೆ ಮರಳಿ ಕಳಿಸಿದರು.

ತಮಾಷೆ ನೋಡಿರಿ. ಗಂಡನ ಗಾಡಿ ಹತ್ತಿದ ಹೆಂಡತಿ ಹೊರಗಿನವಳಲ್ಲ, ಆದ್ದರಿಂದ ಮೊದಲನೆಯ ಜೇಬಿನಿಂದ ಹಣವಿಲ್ಲ. ಆಕೆ ಮಾಲಕಿಯೂ ಅಲ್ಲ, ಆದ್ದರಿಂದ ಮೂರನೆಯ ಜೇಬಿನಿಂದಲೂ ಹಣವಿಲ್ಲ. ಕೇಳಲು ಹೋದರೆ ಮನೆಯವಳು, ಕೊಡುವಾಗ ಪರಕೀಯಳು! ಅತ್ತ ದರಿ, ಇತ್ತ ಪುಲಿ.

ಹಿಂದೆ ಕುಳಿತವರ ಗತಿಯೇನು? ಕಡಿಮೆ ಹಣಕ್ಕೆ ಸಿಗುವುದೆಂದು ನಮ್ಮಲ್ಲಿ ಎಷ್ಟೋ ಮಂದಿ ಮೊದಲನೆಯ ಜೇಬಿನ ವಿಮೆ ಮಾತ್ರ ಮಾಡಿಸುತ್ತಾರೆ. ಆ ಬರಿಯ ಕಡ್ಡಾಯ ಪಾಲಿಸಿಯಲ್ಲಿ ಹಿಂದಿನ ಸೀಟಿನವರು ಸೇರುವುದಿಲ್ಲವೆಂದು 2008ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಎಂದರೆ, ತಪ್ಪು ನಮ್ಮದೇ ಗಾಡಿಯದಾಗಿದ್ದರೆ, ಹಿಂದೆ ಕುಳಿತ ಹೆಂಡತಿಗೆ ಆ ಕಂಪನಿ ಪರಿಹಾರ ಕೊಡಬೇಕಾಗಿಲ್ಲ. ಪೂರ್ಣ ವಿಮೆಯಿದ್ದರೆ ಹಿಂದಿನ ಸವಾರರೂ ಕಾರಿನೊಳಗಿನವರೂ ಸೇರುತ್ತಾರೆಂದು ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿದೆ. ಆದಿತ್ಯವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗುವ ಮೊದಲು ಕಾಗದ ಯಾವ ಜಾತಿಯದೆಂದು ನೋಡಿಕೊಳ್ಳಿರಿ.

ಇಷ್ಟು ಹೇಳಿದರೆ ಕೆಲವರು ಮೂಗು ಮುರಿಯುತ್ತಾರೆ. ಅವರಿಗೂ ಉತ್ತರ ಕೊಡೋಣ.

“ಸಾವಿನ ಮಾತು ಏತಕ್ಕೆ? ಅಪಶಕುನ” ಎನ್ನುವವರಿದ್ದಾರೆ. ಸಾವು ಶಕುನ ನೋಡಿ ಬರುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕುವವರು ನಾವಾಗಬಾರದು.

“ನನ್ನದು, ಅವಳದು ಎಂದು ಬೇರೆ ಉಂಟೇ? ಹೆಸರು ಯಾರದಾದರೇನು?” ಎನ್ನುವವರಿದ್ದಾರೆ. ಬಹಳ ಚೆಂದದ ಮಾತು. ಹಾಗಿದ್ದರೆ ಆಕೆಯ ಹೆಸರನ್ನು ಬರೆಸಲು ಕೈ ನಡುಗುವುದೇಕೆ? ನಮ್ಮ ಪ್ರೀತಿಯನ್ನು ವಿಮಾ ಕಚೇರಿ ಓದಲಾರದು. ಅದು ಓದುವುದು ಹೆಸರನ್ನು ಮಾತ್ರ.

“ಅವಳಿಗೆ ಲೈಸೆನ್ಸು ಏತಕ್ಕೆ? ಹತ್ತಿರದ ಮಾರ್ಕೆಟಿಗೆ ತಾನೆ ಹೋಗುವುದು” ಎನ್ನುವವರು ಎಲ್ಲರಿಗಿಂತ ಅಪಾಯದವರು. ಲೈಸೆನ್ಸಿಲ್ಲದೆ ಮಾರ್ಕೆಟಿಗೆ ಹೋದ ಹೆಂಡತಿ ಒಬ್ಬ ಮುದುಕನಿಗೆ ಗುದ್ದಿದಳೆಂದಿಟ್ಟುಕೊಳ್ಳಿ. ಸುಪ್ರೀಂ ಕೋರ್ಟಿನ 2004ರ ತೀರ್ಪಿನಂತೆ, ಕಂಪನಿ ಆ ಮುದುಕನಿಗೆ ಪರಿಹಾರ ಕೊಟ್ಟು, ಅದನ್ನು ಗಾಡಿಯ ಮಾಲಕನಿಂದ, ಎಂದರೆ ಗಂಡನಿಂದ, ವಸೂಲು ಮಾಡಬಹುದು. ಲೈಸೆನ್ಸಿಲ್ಲದವರಿಗೆ ಗಾಡಿ ಕೊಟ್ಟ ತಪ್ಪಿಗೆ 180ನೆಯ ಕಲಮಿನ ದಂಡ 5,000 ರೂಪಾಯಿ ಬೇರೆ. ಮೂರು ತಿಂಗಳ ಸೆರೆಯೂ ಆಗಬಹುದು. ಲೈಸೆನ್ಸು ಮಾಡಿಸುವ ಖರ್ಚು ಉಳಿಸಿ ಹೊಲ ಮಾರುವ ಜಾಣತನ ನಮಗೆ ಬೇಡ.

“ಹಣವೆಲ್ಲಿದೆ?” ಎನ್ನುವವರ ಮಾತು ಮಾತ್ರ ನಿಜ. ಪಗಾರದಲ್ಲಿ ಉಳಿಯುವುದೆಷ್ಟೆಂದು ನಮಗೆ ಗೊತ್ತಿಲ್ಲವೆ? ಆದರೆ 15 ಲಕ್ಷದ ಈ ಅಪಘಾತ ವಿಮೆಗೆ ವರ್ಷಕ್ಕೆ ಬೀಳುವುದು ಕೆಲವು ನೂರು ರೂಪಾಯಿ. ಅದಕ್ಕೂ ಕಡಿಮೆಯದೊಂದಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 18ರಿಂದ 70 ವರ್ಷದೊಳಗಿನ, ಬ್ಯಾಂಕಿನಲ್ಲಿ ಖಾತೆಯಿರುವ ಯಾರೂ ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದ ಸಾವಿಗೆ 2 ಲಕ್ಷ, ಒಂದು ಕಾಲೋ ಒಂದು ಕೈಯೋ ಹೋದರೆ 1 ಲಕ್ಷ. ಗಾಡಿ ಯಾರದೆಂದು ಅದು ಕೇಳುವುದಿಲ್ಲ. ಆದರೆ ಖಾತೆ ಹೆಂಡತಿಯ ಹೆಸರಿನಲ್ಲಿರಬೇಕು, ಅರ್ಜಿಗೆ ಆಕೆಯೇ ಸಹಿ ಹಾಕಿರಬೇಕು. ಇಲ್ಲಿಯೂ ಪ್ರಶ್ನೆ ಹೆಸರಿನದೇ!

ಈಗ ನಮ್ಮ ಬೆನ್ನನ್ನೂ ಒಮ್ಮೆ ನೋಡಿಕೊಳ್ಳೋಣ. ಮಾಲಕರು ನಮ್ಮ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯದಿದ್ದಾಗ ನಾವು ಕೂಗಿದೆವು. ಹೆಸರಿಲ್ಲದವನಿಗೆ ಪ್ರಾವಿಡೆಂಟ್ ಫಂಡಿಲ್ಲ, ರಜೆಯಿಲ್ಲ, ಕೆಲಸದ ಸಾಕ್ಷಿಯೇ ಇಲ್ಲವೆಂದು ಬಲ್ಲೆವು. 1982ರ ಮುಷ್ಕರದ ನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದಾಗ, ಬದಲಿ ಕೆಲಸಗಾರರಾಗಿದ್ದ ನಮ್ಮ ಹಿರಿಯರು ಪಟ್ಟಿಯಲ್ಲಿ ಹೆಸರು ಹುಡುಕುತ್ತ ಅಲೆದದ್ದನ್ನು ಮರೆತಿಲ್ಲ. ಹೆಸರಿನ ಬೆಲೆ ಇಷ್ಟು ಚೆನ್ನಾಗಿ ಕಲಿತ ನಾವು, ನಮ್ಮ ಖೋಲಿಯೊಳಗೆ ಮಾಲಕರಾಗಿ ಕುಳಿತು ಮಾಡುತ್ತಿರುವುದೇನು? ಗಾಡಿ ನಮ್ಮ ಹೆಸರಿನಲ್ಲಿ, ವಿಮೆ ನಮ್ಮ ಹೆಸರಿನಲ್ಲಿ, ಪೆಟ್ಟಿಗೆಯ ಬೀಗದ ಕೈ ನಮ್ಮ ಜೇಬಿನಲ್ಲಿ. ಹೆಂಡತಿಗೆ ಪಾಲಿಸಿ ಯಾವ ಕಂಪನಿಯದೆಂದು ಸಹ ಗೊತ್ತಿಲ್ಲ. ಹೋಟೆಲಿನ ಮಾಲಕ ನಮಗೆ ಮಾಡಿದ್ದನ್ನೇ ನಾವು ಮನೆಯಲ್ಲಿ ಮಾಡಿದರೆ, ಸಂಘದ ಸಭೆಯಲ್ಲಿ ಭಾಷಣ ಬಿಗಿಯಲು ನಮಗೆ ಯಾವ ಮುಖವಿದೆ?

ಆದ್ದರಿಂದ ನಾವು ಹೇಳುತ್ತೇವೆ. ಮಾತು ಮುಗಿಸಿ ಕಾಗದ ತೆಗೆಯಿರಿ.

ಗಾಡಿಯನ್ನು ಮನೆಯಲ್ಲಿ ಹೆಚ್ಚಾಗಿ ನಡೆಸುವವರು ಯಾರೋ ಅವರ ಹೆಸರಿಗೇ ಮಾಡಿಸಿರಿ. ಈಗಾಗಲೇ ಬೇರೆಯವರ ಹೆಸರಿನಲ್ಲಿದ್ದರೆ ಆರ್.ಟಿ.ಓ.ದಲ್ಲಿ 29 ಮತ್ತು 30ನೆಯ ನಮೂನೆ ಕೊಟ್ಟು ಬದಲಿಸಬಹುದು. ಸಾಲವಿದ್ದರೆ ಕೊಟ್ಟವರ ಒಪ್ಪಿಗೆ ಬೇಕು. ಬದಲಾದ 14 ದಿನಗಳೊಳಗೆ ವಿಮಾ ಕಂಪನಿಗೂ ಅರ್ಜಿ ಹಾಕಿರಿ, ಹೊಸ ಮಾಲಕಿಯ ಹೆಸರಿನಲ್ಲಿ ಅಪಘಾತ ವಿಮೆಯನ್ನು ಬರೆಸಿರಿ.

ಇಬ್ಬರೂ ನಡೆಸುವುದಾದರೆ, ಗಾಡಿಗೆ ಅಂಟಿದ ವಿಮೆಯನ್ನು ನೆಚ್ಚಬೇಡಿರಿ. ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಬೇರೆಯೇ ವೈಯಕ್ತಿಕ ಅಪಘಾತ ವಿಮೆ ಮಾಡಿಸಿಕೊಳ್ಳಿರಿ. ಅದು ಗಾಡಿಯನ್ನಲ್ಲ, ಮನುಷ್ಯನನ್ನು ಹಿಂಬಾಲಿಸುತ್ತದೆ. ಸ್ಕೂಟರಾಗಲಿ, ಬಸ್ಸಾಗಲಿ, ಲೋಕಲ್ ರೈಲಾಗಲಿ, ಅದು ಜೊತೆಗೇ ಬರುತ್ತದೆ. ಸಾವಿಗೂ ಶಾಶ್ವತ ಅಂಗವೈಕಲ್ಯಕ್ಕೂ 15 ಲಕ್ಷದ ಇಂಥ ವಿಮೆ ಮಾಲಕನಿಗೆ ಮೊದಲೇ ಇದ್ದರೆ ಗಾಡಿಯ ಜೊತೆಗೆ ಮತ್ತೆ ಕೊಳ್ಳಬೇಕಾಗಿಲ್ಲವೆಂಬ ನಿಯಮ 2019ರ ಜನವರಿಯಿಂದ ಇದೆ. ಏಜೆಂಟರು ಇದನ್ನು ತಾವಾಗಿ ಹೇಳಲಾರರು, ನೀವೇ ಕೇಳಿರಿ.

ಹೊಸ ದ್ವಿಚಕ್ರ ಕೊಂಡವರಿಗೆ 2018ರ ಸೆಪ್ಟೆಂಬರಿನಿಂದ ಐದು ವರ್ಷದ ಕಡ್ಡಾಯ ವಿಮೆ ಒಟ್ಟಿಗೇ ಬರುತ್ತದೆ. ಐದು ವರ್ಷ ಚಿಂತೆಯಿಲ್ಲವೆಂದು ಪೆಟ್ಟಿಗೆಯ ತಳಕ್ಕೆ ಹಾಕಬೇಡಿರಿ. ಐದು ವರ್ಷವಿರುವುದು ಹೊರಗಿನವರ ಜೇಬು. ಅಪಘಾತ ವಿಮೆಯ ಅವಧಿ ಒಂದೇ ವರ್ಷದ್ದಾಗಿರಬಹುದು. ತಾರೀಖು ನೋಡಿರಿ.

ವಾರಸುದಾರರ ಹೆಸರನ್ನು ಎರಡು ಕಡೆ ಬರೆಸಿರಿ. ಅಪಘಾತ ವಿಮೆಯಲ್ಲಿ ನಾಮಿನಿಯ ಅಂಕಣ ಖಾಲಿ ಬಿಡಬೇಡಿರಿ. 2021ರ ತಿದ್ದುಪಡಿಯ ನಂತರ ಆರ್.ಸಿ. ಪುಸ್ತಕಕ್ಕೂ ನಾಮಿನಿಯನ್ನು ಸೇರಿಸಬಹುದು. ಮಾಲಕ ತೀರಿಕೊಂಡರೆ ಗಾಡಿಯನ್ನು ಹೆಂಡತಿಯ ಹೆಸರಿಗೆ ಮಾಡುವುದು ಅದರಿಂದ ಸುಲಭವಾಗುತ್ತದೆ. ಮದುವೆಗೆ ಮೊದಲು ಅಣ್ಣನ ಹೆಸರನ್ನು ಬರೆಸಿದ್ದವರು ಇಂದೇ ತೆಗೆದು ನೋಡಿರಿ.

ಇದು ನಮ್ಮ ಮನೆಯ ಕೆಲಸ. ಆದರೆ ಮನೆ ಗುಡಿಸಿದ ಮಾತ್ರಕ್ಕೆ ಬೀದಿ ಸ್ವಚ್ಛವಾಗದು. ಸರ್ಕಾರಕ್ಕೂ ಪ್ರಾಧಿಕಾರಕ್ಕೂ ವಿಮಾ ಕಂಪನಿಗಳಿಗೂ ನಮ್ಮ ಬೇಡಿಕೆಗಳಿವೆ.

ಒಂದು: ಅಪಘಾತ ವಿಮೆ ಗಾಡಿಯ ಮಾಲಕನಿಗಲ್ಲ, ಲೈಸೆನ್ಸು ಹೊಂದಿ ಗಾಡಿ ನಡೆಸುವವರಿಗೆ ಸಲ್ಲಬೇಕು. ತಗಡನ್ನು ಯಾರು ಬಗ್ಗಿಸಿದರೂ ಹಣ ಕೊಡಬಲ್ಲ ಕಂಪನಿ, ಎಲುಬು ಯಾರದೆಂದು ಏತಕ್ಕೆ ಕೇಳಬೇಕು?

ಎರಡು: ಪ್ರತಿ ಅರ್ಜಿಯಲ್ಲೂ “ಮನೆಯಲ್ಲಿ ಬೇರೆ ಯಾರು ಈ ಗಾಡಿ ನಡೆಸುತ್ತಾರೆ?” ಎಂಬ ಪ್ರಶ್ನೆಯಿರಬೇಕು. ಹೆಚ್ಚುವರಿ ಹಣಕ್ಕೆ ಬೇರೆಯವರ ಹೆಸರನ್ನೂ ಅಪಘಾತ ವಿಮೆಗೆ ಸೇರಿಸುವ ದಾರಿ ಮೋಟಾರು ವಿಮೆಯಲ್ಲಿ ಹಿಂದಿನಿಂದ ಇದೆ. ಆ ಬಾಗಿಲು ಇದೆಯೆಂದೇ ಏಜೆಂಟರು ಹೇಳುವುದಿಲ್ಲ. ಹೇಳುವುದು ಅವರ ಕರ್ತವ್ಯವಾಗಬೇಕು; ಹೆಂಡತಿಗೆ ಸಿಗುವ ಮೊತ್ತವೂ ಮಾಲಕನಿಗೆ ಸಿಗುವಷ್ಟೇ ಇರಬೇಕು.

ಮೂರು: ಯಾವ ಜೇಬು ಯಾರಿಗೆ ತೆರೆಯುತ್ತದೆಂಬುದನ್ನು ಒಂದು ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಕೊಳ್ಳುವವರ ಭಾಷೆಯಲ್ಲಿ ಅಚ್ಚು ಮಾಡಿ ಕೊಡಬೇಕು. ಮುಂಬಯಿಯಲ್ಲಿ ಕನ್ನಡಿಗನಿಗೆ ಕನ್ನಡದಲ್ಲಿ, ಮರಾಠಿಯವನಿಗೆ ಮರಾಠಿಯಲ್ಲಿ. ಹಣ ಕೇಳುವಾಗ ನಮ್ಮ ಭಾಷೆಯಲ್ಲಿ ಸಿಹಿಯಾಗಿ ಮಾತಾಡುವವರು, ಕರಾರು ಬರೆಯುವಾಗಲೂ ನಮ್ಮ ಭಾಷೆಯಲ್ಲೇ ಬರೆಯಲಿ.

ಇವನ್ನು ಯಾರೂ ಬೆಳ್ಳಿಯ ತಟ್ಟೆಯಲ್ಲಿಟ್ಟು ಕೊಡಲಾರರು. ಕೆಲಸದ ಗಂಟೆಗೂ ವಾರದ ರಜೆಗೂ ಹೋರಾಡಿದಂತೆಯೇ ಇದಕ್ಕೂ ಹೋರಾಡಬೇಕು.

ಡೊಂಬಿವಲಿಯ ಆ ತಾಯಿ ಈಗ ಕೃತಕ ಕಾಲಿನಲ್ಲಿ ನಡೆಯುವುದನ್ನು ಕಲಿಯುತ್ತಿದ್ದಾರೆ. ನೋಡಲು ಹೋದ ನಮಗೆ ಕಾಪಿ ಕೊಟ್ಟು ಒಂದೇ ಮಾತು ಹೇಳಿದರು: “ಅಣ್ಣಾ, ಗಾಡಿ ರಿಪೇರಿಯಾಗಿ ಬಂದು ಬಾಗಿಲಲ್ಲಿ ನಿಂತಿದೆ. ಹೊಸದರ ಹಾಗೆ ಹೊಳೆಯುತ್ತದೆ.”

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ಓದಿದ ಪ್ರತಿಯೊಬ್ಬರೂ ಇಂದು ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಿ, ಪೆಟ್ಟಿಗೆ ತೆರೆದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಾಗದ ಓದಲಿ. ತಿಳಿಯದಿದ್ದರೆ ಸಂಘದ ಕಚೇರಿಗೆ ಇಬ್ಬರೂ ಬನ್ನಿರಿ. ಗಂಡಸರು ಮಾತ್ರ ಬಂದರೆ ಸಾಲದು!